ಕನ್ನಡದ ಆ್ಯಪ್‌ಗೆ ಫ್ಲಟರ್ ಯಾಕೆ ಬೇಕು ಸ್ವಾಮೀ?

ಫ್ಲಟರ್ ಒಳ್ಳೆಯದೋ, ರಿಯಾಕ್ಟ್ ನೇಟಿವ್ ಒಳ್ಳೆಯದೋ? ಅಂತರ್ಜಾಲದಲ್ಲಿ ಹುಡುಕಿ ನೋಡಿ, ಹೋಲಿಕೆಯ ಪಟ್ಟಿಗಳು ರಾಶಿ ರಾಶಿ ಸಿಗುತ್ತವೆ. ಎಲ್ಲದರಲ್ಲೂ ಅವೇ ಅಂಕಣಗಳು. ವೇಗ ಎಷ್ಟು, ಗಿಟ್‌ಹಬ್‌ನಲ್ಲಿ ನಕ್ಷತ್ರ ಎಷ್ಟು, ಯಾವ ದೊಡ್ಡ ಕಂಪನಿ ಬಳಸುತ್ತಿದೆ, ಕಲಿತರೆ ಕೆಲಸ ಸಿಗುತ್ತಾ. ಕೊನೆಯಲ್ಲಿ "ನಿಮ್ಮ ಅಗತ್ಯಕ್ಕೆ ತಕ್ಕಂತೆ ಆರಿಸಿಕೊಳ್ಳಿ" ಎಂಬ ತೀರ್ಪು. ಯಾರಿಗೂ ನೋವಾಗಬಾರದಲ್ಲ!

ನಾನು ಅಷ್ಟು ಒಳ್ಳೆಯವನಲ್ಲ. ನೇರವಾಗಿ ಹೇಳಿಬಿಡುತ್ತೇನೆ. ನೀವು ಮಾಡಹೊರಟಿರುವುದು ಕನ್ನಡದ ಜನ ಓದುವಂಥ ಒಂದು ಆ್ಯಪ್ ಆಗಿದ್ದರೆ, ಅಂದರೆ ನಿಘಂಟು, ಮಾರುಕಟ್ಟೆ ದರ, ಬಸ್ಸಿನ ವೇಳಾಪಟ್ಟಿ, ಕಥೆಗಳ ಸಂಗ್ರಹ, ಸರ್ಕಾರಿ ಯೋಜನೆಗಳ ಮಾಹಿತಿ ಇಂಥದ್ದೇನಾದರೂ ಆಗಿದ್ದರೆ, ನಿಮಗೆ ಮೊದಲು ಬೇಕಾಗಿರುವುದು ಫ್ಲಟರೂ ಅಲ್ಲ, ರಿಯಾಕ್ಟ್ ನೇಟಿವ್ ಕೂಡ ಅಲ್ಲ. ಬೇಕಾಗಿರುವುದು ಒಂದು ಒಳ್ಳೆಯ ವೆಬ್ ಪುಟ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಮ್ಮ ತಂತ್ರಾಂಶದವರಿಗೆ ಎಚ್‌ಟಿಎಂಎಲ್ ಅಂಥ ಹಿತ್ತಲ ಗಿಡ ಆಗಿಬಿಟ್ಟಿದೆ.

ಆ ಹೋಲಿಕೆ ಪಟ್ಟಿಗಳಲ್ಲಿ ಎರಡು ಅಂಕಣಗಳು ಕಾಣೆಯಾಗಿವೆ. ಒಂದು, ಈ ಉಪಕರಣ ಬಳಸಿದರೆ ಕನ್ನಡದ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆಯೋ, ಚಿತ್ರವಾಗುತ್ತದೆಯೋ? ಎರಡು, ಇದನ್ನು ಸಾಕುತ್ತಿರುವ ಕಂಪನಿ ನಾಳೆ ಕೈಬಿಟ್ಟರೆ ನನ್ನ ಕೈಯಲ್ಲಿ ಏನು ಉಳಿಯುತ್ತದೆ? ಈ ಎರಡು ಅಂಕಣ ಸೇರಿಸಿ ನೋಡಿ, ಪಟ್ಟಿ ತಲೆಕೆಳಗಾಗುತ್ತದೆ.

ಮೊದಲು ದಾರಿಗಳನ್ನು ಗುರುತಿಸಿಕೊಳ್ಳೋಣ

ಒಂದೇ ಕೋಡ್ ಬರೆದು ಆಂಡ್ರಾಯ್ಡ್, ಐಫೋನ್, ವೆಬ್ ಎಲ್ಲದರಲ್ಲೂ ಓಡಿಸುವ ಮುಕ್ತ ತಂತ್ರಾಂಶಗಳು ಬಹಳಷ್ಟಿವೆ. ಹೆಸರುಗಳ ಗದ್ದಲ ಬಿಟ್ಟು ನೋಡಿದರೆ ದಾರಿಗಳು ನಾಲ್ಕೇ.

ಮೊದಲನೆಯದು, ತೆರೆಯ ಮೇಲಿನ ಪ್ರತಿ ಚುಕ್ಕೆಯನ್ನೂ ತಾನೇ ಬಿಡಿಸುವ ದಾರಿ. ಗೂಗಲ್‌ನ ಫ್ಲಟರ್ ಈ ಜಾತಿಯದು. 1.0 ಆವೃತ್ತಿ ಬಂದದ್ದು 2018ರ ಡಿಸೆಂಬರಿನಲ್ಲಿ. ವೆಬ್‌ಗೂ ಆಗುತ್ತದೆ ಅಂತ ಅಧಿಕೃತವಾಗಿ ಹೇಳಿದ್ದು 2021ರ ಮಾರ್ಚಿನಲ್ಲಿ, 2ನೇ ಆವೃತ್ತಿಯ ಜೊತೆ.

ಎರಡನೆಯದು, ಫೋನಿನಲ್ಲಿ ಈಗಾಗಲೇ ಇರುವ ಬಟನ್, ಪಟ್ಟಿ, ಪಠ್ಯಗಳನ್ನೇ ಕರೆದು ಕೆಲಸ ಮಾಡಿಸುವ ದಾರಿ. 2015ರಲ್ಲಿ ಫೇಸ್‌ಬುಕ್ ಬಿಡುಗಡೆ ಮಾಡಿದ ರಿಯಾಕ್ಟ್ ನೇಟಿವ್, ನೇಟಿವ್‌ಸ್ಕ್ರಿಪ್ಟ್, ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಮಾವಿ ಇಲ್ಲಿ ಬರುತ್ತವೆ.

ಮೂರನೆಯದು, ತರ್ಕವನ್ನು ಮಾತ್ರ ಹಂಚಿಕೊಂಡು ಮುಖವನ್ನು ಬೇರೆ ಬೇರೆ ಬರೆಯಬಹುದಾದ ದಾರಿ. 2023ರ ನವೆಂಬರಿನಲ್ಲಿ ಸ್ಥಿರವಾದ ಕೋಟ್ಲಿನ್ ಮಲ್ಟಿಪ್ಲಾಟ್‌ಫಾರ್ಮ್ ಇದಕ್ಕೆ ಉದಾಹರಣೆ.

ನಾಲ್ಕನೆಯದು, ವೆಬ್ ಪುಟವನ್ನೇ ಬರೆದು, ಬೇಕಾದರೆ ಅದಕ್ಕೊಂದು ತೆಳು ಚಿಪ್ಪು ಹಾಕಿ ಆ್ಯಪ್ ಮಾಡುವ ದಾರಿ. ಕಾರ್ಡೋವಾ, ಕೆಪಾಸಿಟರ್, 2024ರ ಅಕ್ಟೋಬರಿನಲ್ಲಿ ಮೊಬೈಲಿಗೂ ಬಂದ ಟೌರಿ 2 ಇಲ್ಲಿ ಸೇರುತ್ತವೆ. ಚಿಪ್ಪೂ ಬೇಡ, ಬ್ರೌಸರಿನಿಂದಲೇ ಹೋಮ್ ಸ್ಕ್ರೀನಿಗೆ ಸೇರಿಸಿಕೊಳ್ಳುತ್ತೇನೆ, ನೆಟ್ ಇಲ್ಲದಿದ್ದಾಗಲೂ ತೆರೆಯಬೇಕು ಅಂದರೆ ಅದಕ್ಕೆ ಪ್ರೋಗ್ರೆಸ್ಸಿವ್ ವೆಬ್ ಆ್ಯಪ್ ಅಂತ ಹೆಸರು. ಹೆಸರು ಬಂದದ್ದು 2015ರಲ್ಲಿ.

ಈಗ ಮೊದಲ ಅಂಕಣ: ಅಕ್ಷರವೋ, ಚಿತ್ರವೋ?

ಕನ್ನಡದಲ್ಲಿ ಗಣಕ ಬಳಸಿದ ಹಳಬರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರಹ, ನುಡಿಗಳ ಹಳೆಯ ಫಾಂಟುಗಳ ಕಾಲ ನೆನಪಿಸಿಕೊಳ್ಳಿ. ತೆರೆಯ ಮೇಲೆ ಚೆಂದದ ಕನ್ನಡ, ಕಡತದ ಒಳಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಆ ಫಾಂಟು ಇಲ್ಲದ ಗಣಕದಲ್ಲಿ ತೆರೆದರೆ ಮಂತ್ರವಾದಿಯ ಓಲೆಯ ಹಾಗೆ ಕಾಣುತ್ತಿತ್ತು. ಪತ್ರಿಕೆಗಳ ಜಾಲತಾಣಗಳು ಒಂದೊಂದೂ ಒಂದೊಂದು ಫಾಂಟು ಇಳಿಸಿಕೊಳ್ಳಿ ಅನ್ನುತ್ತಿದ್ದವು. ಇನ್ನು ಕೆಲವರು ಆ ತಲೆನೋವೇ ಬೇಡ ಅಂತ ಇಡೀ ಪುಟವನ್ನು ಚಿತ್ರ ಮಾಡಿ ಹಾಕುತ್ತಿದ್ದರು. ಓದಬಹುದು, ಆದರೆ ಹುಡುಕಲಾಗದು, ನಕಲು ಮಾಡಲಾಗದು, ಬೇರೆಯವರಿಗೆ ಕಳಿಸಲಾಗದು.

1991ರ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಆದರೂ ಅದು ಮಾಮೂಲಿ ಜನರ ಗಣಕಕ್ಕೆ ಬರಲು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರೊಳಗಿನ ತುಂಗಾ ಫಾಂಟು ಬರಬೇಕಾಯಿತು. ಆಂಡ್ರಾಯ್ಡ್‌ನಲ್ಲಿ ಕನ್ನಡಕ್ಕೆ ಸರಿಯಾದ ಬೆಂಬಲ ಸಿಕ್ಕಿದ್ದು 2012ರ 4.1 ಆವೃತ್ತಿಯಲ್ಲಿ. ಅಂದರೆ ಕನ್ನಡದ ಅಕ್ಷರ ಅಕ್ಷರವಾಗಿಯೇ ಎಲ್ಲ ಕಡೆ ಓಡಾಡಲು ನಾವು ಇಪ್ಪತ್ತು ವರ್ಷ ಕಾದಿದ್ದೇವೆ. ಅಷ್ಟು ಕಾದು ಪಡೆದದ್ದನ್ನು ಒಂದು ಫ್ಯಾಷನ್ನಿಗಾಗಿ ಕೈಚೆಲ್ಲುವುದು ನನಗೆ ಸರಿ ಕಾಣುವುದಿಲ್ಲ.

ಕೈಚೆಲ್ಲುವುದು ಅಂದರೆ ಹೇಗೆ? ಫ್ಲಟರ್‌ನಲ್ಲಿ ಬರೆದದ್ದನ್ನು ವೆಬ್‌ಗೆ ಹಾಕಿದಾಗ ಬ್ರೌಸರಿಗೆ ಹೋಗುವುದು ಪಠ್ಯ ಅಲ್ಲ, ಒಂದು ಕ್ಯಾನ್ವಾಸು. ಅದರ ಮೇಲೆ ಫ್ಲಟರ್ ತನ್ನದೇ ಎಂಜಿನ್ನಿನಿಂದ ಅಕ್ಷರಗಳನ್ನು ಬಿಡಿಸುತ್ತದೆ. ಮೊದಲು ಬ್ರೌಸರಿನ ಎಚ್‌ಟಿಎಂಎಲ್ ಬಳಸುವ ಇನ್ನೊಂದು ದಾರಿಯೂ ಅದರಲ್ಲಿತ್ತು. 2025ರ ಆರಂಭದಲ್ಲಿ ಅದನ್ನೂ ತೆಗೆದುಹಾಕಿದರು. ಈಗ ಉಳಿದಿರುವುದು ಕ್ಯಾನ್ವಾಸೊಂದೇ.

ಇದರ ಪರಿಣಾಮ ನೋಡಿ. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರ ತೋರಿಸುವ ಒಂದು ಪುಟ ಇದೆ ಅಂತಿಟ್ಟುಕೊಳ್ಳಿ. ರೈತರೊಬ್ಬರು ಅದರಲ್ಲಿ ತಮ್ಮ ತಳಿಯ ಹೆಸರು ಹುಡುಕಬೇಕು. ಬ್ರೌಸರಿನ "ಪುಟದಲ್ಲಿ ಹುಡುಕು" ಒತ್ತಿದರೆ ಏನೂ ಸಿಗುವುದಿಲ್ಲ, ಬ್ರೌಸರಿನ ಪಾಲಿಗೆ ಅಲ್ಲಿ ಪಠ್ಯವೇ ಇಲ್ಲ. ಬೆರಳಿಟ್ಟು ಒತ್ತಿ ದರವನ್ನು ನಕಲು ಮಾಡೋಣ ಅಂದರೆ, ಪ್ರೋಗ್ರಾಮರ್ ಮಹಾಶಯ ಅದಕ್ಕೆಂದೇ ಬೇರೆ ಕೋಡ್ ಬರೆದಿದ್ದರೆ ಮಾತ್ರ ಆಗುತ್ತದೆ, ಇಲ್ಲದಿದ್ದರೆ ಇಲ್ಲ. ಆಗ ಅವರು ಏನು ಮಾಡುತ್ತಾರೆ? ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಮತ್ತೆ ಕನ್ನಡ ಚಿತ್ರವಾಯಿತು. ಸುತ್ತಿ ಸುತ್ತಿ ಬಂದು ಅದೇ ಹಳೇ ಜಾಗಕ್ಕೆ ನಿಂತೆವು.

ಇನ್ನೊಂದು ತಮಾಷೆ ಇದೆ. ನಿಮ್ಮ ಫೋನಿನಲ್ಲಿ ಕನ್ನಡ ಫಾಂಟು ಈಗಾಗಲೇ ಇದೆ. ಆದರೆ ಕ್ಯಾನ್ವಾಸಿಗೆ ಅದು ಎಟುಕುವುದಿಲ್ಲ. ಆ್ಯಪ್ ಬರೆದವರು ಜೊತೆಗೆ ಕನ್ನಡ ಫಾಂಟು ಕಟ್ಟಿಕೊಟ್ಟಿರದಿದ್ದರೆ, ಫ್ಲಟರ್ ಗೂಗಲ್ ಸರ್ವರಿನಿಂದ ನೋಟೋ ಫಾಂಟು ತರಿಸಿಕೊಳ್ಳುತ್ತದೆ. ಅದು ಬರುವ ತನಕ ಕಾಣುವುದು ಚೌಕ ಚೌಕ ಡಬ್ಬಿಗಳು. ಡಬ್ಬಿಗಳು! ಆ ದರ್ಶನ ಇನ್ನು ಮುಗಿಯಿತು ಅಂದುಕೊಂಡಿದ್ದೆವಲ್ಲವೇ?

ತೂಕದ ಲೆಕ್ಕವನ್ನೂ ಮಾಡಿಬಿಡೋಣ. ಆ ಎಂಜಿನ್ ಸುಮಾರು 1.5 ಮೆಗಾಬೈಟ್. ಯುನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್. ನೀವೀಗ ಓದುತ್ತಿರುವಷ್ಟು ಉದ್ದದ ಲೇಖನ ಹೆಚ್ಚೆಂದರೆ 50 ಕಿಲೋಬೈಟ್ ಆಗುತ್ತದೆ, ಹಿಂಡಿ ಕಳಿಸಿದರೆ ಇನ್ನೂ ಕಡಿಮೆ. ಅಂದರೆ ಒಂದಕ್ಷರ ಓದುವ ಮೊದಲೇ ಮೂವತ್ತು ಲೇಖನಗಳಷ್ಟು ಸರಕು ಇಳಿಸಿಕೊಳ್ಳಬೇಕು. ಎರಡನೇ ಸಲಕ್ಕೆ ಬ್ರೌಸರ್ ಅದನ್ನು ಇಟ್ಟುಕೊಂಡಿರುತ್ತದೆ, ಒಪ್ಪಿದೆ. ಆದರೆ ಮೊದಲ ಸಲವೇ ಬೇಸತ್ತು ಹೋದವರು ಎರಡನೇ ಸಲ ಬರುತ್ತಾರಾ?

ಕಣ್ಣು ಕಾಣದವರ ವಿಷಯಕ್ಕೆ ಬನ್ನಿ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಮುಕ್ತ ತಂತ್ರಾಂಶ. ಅದಕ್ಕೆ ದನಿ ಕೊಡುವ ಇ-ಸ್ಪೀಕ್ ಎನ್‌ಜಿ ಕೂಡ ಮುಕ್ತ ತಂತ್ರಾಂಶ, ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ರೋಬೋಟಿನ ಥರ, ಇರಲಿ. ಸಾಮಾನ್ಯ ವೆಬ್ ಪುಟವೊಂದನ್ನು ಕೊಟ್ಟರೆ ಯಾರ ಅಪ್ಪಣೆಯೂ ಇಲ್ಲದೆ ಓದಲು ಶುರುಮಾಡುತ್ತದೆ. ಫ್ಲಟರ್ ವೆಬ್‌ನಲ್ಲಿ ಈ ಸೌಲಭ್ಯ ತಾನಾಗಿ ಚಾಲೂ ಇರುವುದಿಲ್ಲ. ಕಣ್ಣಿಗೆ ಕಾಣದ ಒಂದು ಬಟನ್ ಅಲ್ಲಿರುತ್ತದೆ, ಅದನ್ನು ಹುಡುಕಿ ಒತ್ತಬೇಕು, ಆಮೇಲೆ ಓದುತ್ತದೆ. ಆ ಬಟನ್ನಿನ ಹೆಸರು ಇಂಗ್ಲಿಷಿನಲ್ಲಿ! ಕನ್ನಡ ಮಾತ್ರ ಬಲ್ಲ ಅಂಧ ವಿದ್ಯಾರ್ಥಿನಿಯೊಬ್ಬಳು ಕನ್ನಡ ಓದಲು ಇಂಗ್ಲಿಷಿನ ಬಾಗಿಲು ತಟ್ಟಬೇಕು. ಪ್ರೋಗ್ರಾಮರ್ ಮನಸ್ಸು ಮಾಡಿದರೆ ಒಂದೇ ಸಾಲಿನಲ್ಲಿ ಇದನ್ನು ಮೊದಲೇ ಚಾಲೂ ಮಾಡಿಡಬಹುದು. ಎಷ್ಟು ಜನ ಮಾಡುತ್ತಾರೆ?

ಇದೆಲ್ಲ ನನ್ನೊಬ್ಬನ ಕೊಂಕು ಅಂದುಕೊಳ್ಳಬೇಡಿ. ಬ್ಲಾಗ್ ಬರಹಗಳಂಥ ಪಠ್ಯಪ್ರಧಾನ ಪುಟಗಳಿಗೆ ಫ್ಲಟರ್ ತಕ್ಕುದಲ್ಲ, ಅವುಗಳಿಗೆ ವೆಬ್‌ನ ಮೂಲ ಪದ್ಧತಿಯೇ ಅನುಕೂಲ ಎಂದು ಫ್ಲಟರ್‌ನ ಅಧಿಕೃತ ದಾಖಲೆಯಲ್ಲೇ ಬರೆದಿದೆ. ಮಾಡಿದವರೇ ಬೇಡ ಅನ್ನುತ್ತಿದ್ದಾರೆ, ಬಳಸುವವರು ಕೇಳುತ್ತಿಲ್ಲ.

ನ್ಯಾಯವಾಗಿ ಹೇಳಬೇಕಾದ ಮಾತೂ ಇದೆ. ಫೋನಿನ ಆ್ಯಪ್ ಆಗಿ ಫ್ಲಟರ್ ಕನ್ನಡವನ್ನು ಚೆನ್ನಾಗಿಯೇ ಬಿಡಿಸುತ್ತದೆ. ಒತ್ತಕ್ಷರ, ಅರ್ಕಾವೊತ್ತು ಯಾವುದೂ ಮುರಿಯುವುದಿಲ್ಲ. ಇದಕ್ಕೆ ಕಾರಣ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಎಲ್ಲದರಲ್ಲೂ ಕನ್ನಡದ ಅಕ್ಷರ ಜೋಡಿಸುವುದು ಅದೇ. ಫೋನಿನಲ್ಲಿ ಟಾಕ್‌ಬ್ಯಾಕ್ ಕೂಡ ಕೆಲಸ ಮಾಡುತ್ತದೆ. ರಿಯಾಕ್ಟ್ ನೇಟಿವ್‌ಗೂ ಅದರ ಪಾಲಿನ ಮಾರ್ಕು ಕೊಡಬೇಕು. ರಿಯಾಕ್ಟ್ ನೇಟಿವ್ ವೆಬ್ ಎಂಬ ಜೊತೆ ತಂತ್ರಾಂಶ ಬಳಸಿದರೆ ವೆಬ್‌ನಲ್ಲಿ ಅದು ಎಚ್‌ಟಿಎಂಎಲ್ ಅನ್ನೇ ಕೊಡುತ್ತದೆ, ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಹಾಗಾಗಿ ನನ್ನ ಜಗಳ "ಒಂದೇ ಕೋಡ್, ಎಲ್ಲಾ ಕಡೆ" ಎಂಬ ಆಸೆಯ ಮೇಲಲ್ಲ. ಆ ಆಸೆಗೆ ವೆಬ್ ಪುಟವನ್ನು ಬಲಿಕೊಡುವುದರ ಮೇಲೆ.

ಎರಡನೇ ಅಂಕಣ: ಕಂಪನಿ ಕೈಬಿಟ್ಟರೆ?

"ಓಪನ್ ಸೋರ್ಸ್ ಅಲ್ವಾ, ಕಂಪನಿ ಹೋದರೇನು, ಕೋಡ್ ಇರುತ್ತಲ್ಲ" ಅಂತ ಸಲೀಸಾಗಿ ಹೇಳುತ್ತಾರೆ. ಚರಿತ್ರೆ ಏನು ಹೇಳುತ್ತದೆ?

ಫೋನ್‌ಗ್ಯಾಪ್ 2008ರಲ್ಲಿ ಹುಟ್ಟಿತು. 2011ರಲ್ಲಿ ಅಡೋಬಿ ಅದರ ಕಂಪನಿಯನ್ನು ಕೊಂಡಿತು, ಕೋಡನ್ನು ಅಪಾಚೆ ಪ್ರತಿಷ್ಠಾನಕ್ಕೆ ಕೊಟ್ಟಿತು. ಅದೇ ಕಾರ್ಡೋವಾ. 2020ರಲ್ಲಿ ಅಡೋಬಿ ಫೋನ್‌ಗ್ಯಾಪ್‌ನ ಅಂಗಡಿ ಮುಚ್ಚಿತು. ಟೈಟೇನಿಯಂ ಕೂಡ 2008ರದ್ದು. 2016ರಲ್ಲಿ ಆಕ್ಸ್‌ವೇ ಪಾಲಾಯಿತು, 2022ರಲ್ಲಿ ಆ ಕಂಪನಿ ಕೈತೊಳೆದುಕೊಂಡಿತು. ಝಮರಿನ್ ಅನ್ನು 2016ರಲ್ಲಿ ಮೈಕ್ರೋಸಾಫ್ಟ್ ಕೊಂಡು ಮುಕ್ತಗೊಳಿಸಿತು, 2024ರ ಮೇ 1ಕ್ಕೆ ಬೆಂಬಲ ನಿಲ್ಲಿಸಿತು. ಅದನ್ನು ನಂಬಿದವರು ಮಾವಿಗೆ ಗಂಟುಮೂಟೆ ಕಟ್ಟಬೇಕಾಯಿತು.

ಪರವಾನಗಿಯ ಕಥೆ ಬೇರೆ. ರಿಯಾಕ್ಟ್‌ಗೆ ಫೇಸ್‌ಬುಕ್ ಪೇಟೆಂಟಿನ ಒಂದು ಷರತ್ತು ಅಂಟಿಸಿತ್ತು. 2017ರಲ್ಲಿ ಅಪಾಚೆ ಪ್ರತಿಷ್ಠಾನ ಅದನ್ನು ತನ್ನ ಯೋಜನೆಗಳಲ್ಲಿ ಬಳಸಕೂಡದು ಎಂದಿತು, ವರ್ಡ್‌ಪ್ರೆಸ್ ತಾನೂ ದೂರ ಸರಿಯುವುದಾಗಿ ಹೇಳಿತು. ಆಮೇಲೆ ಆ ಸೆಪ್ಟೆಂಬರಿನಲ್ಲಿ ಫೇಸ್‌ಬುಕ್ ಎಂಐಟಿ ಪರವಾನಗಿಗೆ ಬಂತು. 2025ರ ಅಕ್ಟೋಬರಿನಲ್ಲಿ ರಿಯಾಕ್ಟ್, ರಿಯಾಕ್ಟ್ ನೇಟಿವ್ ಎರಡನ್ನೂ ಲಿನಕ್ಸ್ ಫೌಂಡೇಶನ್ ಅಡಿಯ ಪ್ರತಿಷ್ಠಾನವೊಂದಕ್ಕೆ ಒಪ್ಪಿಸುವುದಾಗಿ ಮೆಟಾ ಘೋಷಿಸಿತು. ಒಳ್ಳೆಯದೇ ಆಯಿತು. ಫ್ಲಟರ್ ಇನ್ನೂ ಗೂಗಲ್‌ನ ಮನೆಮಗ. 2024ರಲ್ಲಿ ಗೂಗಲ್ ಜನರನ್ನು ಮನೆಗೆ ಕಳಿಸಿದಾಗ ಆ ತಂಡಕ್ಕೂ ಪೆಟ್ಟು ಬಿತ್ತು. ಅದೇ ವರ್ಷ ತಂಡದ ಹಳೆಯ ಸದಸ್ಯರೊಬ್ಬರು, ದೂರುಗಳನ್ನು ನೋಡುವವರೇ ಇಲ್ಲ ಎಂದು ಫ್ಲಾಕ್ ಎಂಬ ಕವಲೊಡೆದರು.

ನಾನು ಹೊಗಳುತ್ತಿರುವ ಕೆಪಾಸಿಟರ್ ಏನು ಮಹಾ ಅಂತೀರಾ? ಅದನ್ನು ಮಾಡಿದ ಅಯಾನಿಕ್ ಕಂಪನಿಯನ್ನು 2022ರಲ್ಲಿ ಔಟ್‌ಸಿಸ್ಟಮ್ಸ್ ಕೊಂಡಿತು. 2025ರಲ್ಲಿ ಅಯಾನಿಕ್ ತನ್ನ ವ್ಯಾಪಾರಿ ಸೇವೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು, ಮುಕ್ತ ತಂತ್ರಾಂಶ ಮಾತ್ರ ಮುಂದುವರಿಯುತ್ತದೆ ಎಂದಿತು. ನಾಳೆ ಅದೂ ನಿಲ್ಲಬಹುದು. ಆದರೆ ವ್ಯತ್ಯಾಸ ನೋಡಿ. ಫ್ಲಟರ್ ನಿಂತರೆ ಡಾರ್ಟ್ ಭಾಷೆಯಲ್ಲಿ ಬರೆದ ನಿಮ್ಮ ಮುಖಪುಟವೆಲ್ಲ ನಿಂತ ಹಾಗೆ. ಕೆಪಾಸಿಟರ್ ನಿಂತರೆ ಹೋಗುವುದು ಚಿಪ್ಪು ಮತ್ತು ಕ್ಯಾಮೆರಾ ಗಿಮೆರಾ ಕರೆಯುವ ನಾಲ್ಕು ಸಾಲು. ಒಳಗಿರುವ ತಿರುಳು ವೆಬ್ ಪುಟ, ಅದು ಎಲ್ಲಿಗೂ ಹೋಗುವುದಿಲ್ಲ. ಫೋನ್‌ಗ್ಯಾಪ್ ಕಾಲದ ಪುಟಗಳು ಕಾರ್ಡೋವಾಗೆ ಬಂದವು, ಅಲ್ಲಿಂದ ಕೆಪಾಸಿಟರಿಗೆ ಬಂದವು. ಜಗತ್ತಿನ ಮೊದಲ ವೆಬ್ ಪುಟ ಇವತ್ತಿನ ಫೋನಿನಲ್ಲೂ ತೆರೆಯುತ್ತದೆ. ಈ ಮಾತನ್ನು ಬೇರೆ ಯಾವ ಉಪಕರಣದ ಬಗ್ಗೆ ಹೇಳಬಲ್ಲಿರಿ?

ಆ್ಯಪ್ ಅಂಗಡಿಗಳ ಬಾಡಿಗೆಯೂ ಇದೆ. ಆಪಲ್‌ಗೆ ವರ್ಷಕ್ಕೆ 99 ಡಾಲರ್. ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್, ಆದರೆ ಹೊಸದಾಗಿ ಖಾತೆ ತೆರೆದ ಒಂಟಿ ಪ್ರೋಗ್ರಾಮರ್ ಮೊದಲು 12 ಜನರನ್ನು ಹಿಡಿದು 14 ದಿನ ಪರೀಕ್ಷೆ ಮಾಡಿಸಬೇಕು. 2023ರ ನವೆಂಬರಿನಲ್ಲಿ ನಿಯಮ ಬಂದಾಗ 20 ಜನ ಬೇಕಿತ್ತು, 2024ರ ಡಿಸೆಂಬರಿನಲ್ಲಿ ಕನಿಕರ ತೋರಿಸಿ ಇಳಿಸಿದರು. ಅದಾದ ಮೇಲೂ ಆ್ಯಪನ್ನು ಹೊಸ ಆಂಡ್ರಾಯ್ಡ್‌ಗೆ ಹೊಂದಿಸುತ್ತಲೇ ಇರಬೇಕು, ಇಲ್ಲದಿದ್ದರೆ ಹೊಸ ಫೋನು ಕೊಂಡ ಹೊಸಬರಿಗೆ ಅದು ಅಂಗಡಿಯಲ್ಲಿ ಕಾಣಿಸುವುದೇ ಇಲ್ಲ. ಯಾರೋ ಪುಣ್ಯಾತ್ಮರು ರಜೆಯಲ್ಲಿ ಕೂತು ಮಾಡಿದ ವಚನಗಳ ಆ್ಯಪು, ಗಾದೆಗಳ ಆ್ಯಪು ಅವರಿಗೆ ಮದುವೆಯಾಗಿ ಮಕ್ಕಳಾದ ಮೇಲೆ ಹೀಗೆ ಸದ್ದಿಲ್ಲದೆ ಮಾಯವಾಗುತ್ತದೆ :-) ನಗುವ ವಿಷಯ ಅಲ್ಲ ನಿಜಕ್ಕೂ. ಅದರ ಜೊತೆಗೆ ಹೋಗುವುದು ಅವರು ಕೂತು ಟೈಪಿಸಿದ ಕನ್ನಡ.

"ಆದರೆ..." ಅನ್ನುವವರಿಗೆ

ವೆಬ್ ನಿಧಾನ ಅಂತೀರಿ. ಆಟಗಳಿಗೆ, ಬ್ಲೂಟೂತ್ ಯಂತ್ರಗಳ ಜೊತೆ ಮಾತಾಡುವುದಕ್ಕೆ, ಹಿನ್ನೆಲೆಯಲ್ಲಿ ಸದಾ ಓಡಬೇಕಾದ ಕೆಲಸಕ್ಕೆ ವೆಬ್ ಸಾಲದು, ನಿಜ. ಅಲ್ಲಿ ಫ್ಲಟರ್, ರಿಯಾಕ್ಟ್ ನೇಟಿವ್ ಧಾರಾಳವಾಗಿ ಬಳಸಿ. ಆದರೆ ಹತ್ತು ಸಾವಿರ ಪದಗಳ ಪಟ್ಟಿ ತೋರಿಸುವುದಕ್ಕೆ ಅದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ.

ಆಪಲ್ ವೆಬ್ ಆ್ಯಪುಗಳಿಗೆ ಅಡ್ಡಗಾಲು ಹಾಕುತ್ತದೆ ಅಂತೀರಿ. ಇದೂ ನಿಜವೇ. ನೆಟ್ ಇಲ್ಲದೆ ಕೆಲಸ ಮಾಡಲು ಬೇಕಾದ ಸರ್ವಿಸ್ ವರ್ಕರ್ ಐಫೋನಿಗೆ ಬಂದದ್ದು 2018ರಲ್ಲಿ, ಹೋಮ್ ಸ್ಕ್ರೀನಿನ ವೆಬ್ ಆ್ಯಪಿಗೆ ನೋಟಿಫಿಕೇಶನ್ ಬಂದದ್ದು 2023ರಲ್ಲಿ. 2024ರ ಫೆಬ್ರುವರಿಯಲ್ಲಿ ಯುರೋಪಿನಲ್ಲಿ ಹೋಮ್ ಸ್ಕ್ರೀನ್ ವೆಬ್ ಆ್ಯಪುಗಳನ್ನೇ ಕಿತ್ತುಹಾಕಲು ಹೊರಟು, ಗಲಾಟೆಯಾದ ಮೇಲೆ ಮಾರ್ಚ್ 1ಕ್ಕೆ ಹಿಂದೆ ಸರಿಯಿತು. ಗಮನಿಸಿ, ಗಲಾಟೆ ಮಾಡಿದ್ದರಿಂದ ಹಿಂದೆ ಸರಿಯಿತು. ಎಲ್ಲರೂ ವೆಬ್ ಬಿಟ್ಟು ಓಡಿದರೆ ಗಲಾಟೆ ಮಾಡುವವರು ಯಾರು?

ಪ್ಲೇ ಸ್ಟೋರಿನಲ್ಲಿ ಇಲ್ಲದಿದ್ದರೆ ಜನ ನಂಬುವುದಿಲ್ಲ ಅಂತೀರಿ. ಬಬಲ್‌ರ್ಯಾಪ್ ಎಂಬ ಮುಕ್ತ ಉಪಕರಣ ಇದೆ, ನಿಮ್ಮ ವೆಬ್ ಆ್ಯಪನ್ನೇ ಪ್ಲೇ ಸ್ಟೋರಿಗೆ ಹಾಕಲು ಕಟ್ಟಿಕೊಡುತ್ತದೆ. ಅಂಗಡಿಯಲ್ಲೂ ಇರಲಿ, ಅಂಗಡಿ ಹೊರಹಾಕಿದರೂ ಪುಟ ಬೀದಿಯಲ್ಲಿ ತೆರೆದೇ ಇರಲಿ.

ಇದಕ್ಕೆ ನಮ್ಮಲ್ಲೇ ಮಾದರಿ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ಅಲರ್ ಕನ್ನಡ-ಇಂಗ್ಲಿಷ್ ನಿಘಂಟು 2019ರಲ್ಲಿ ಅಂತರ್ಜಾಲಕ್ಕೆ ಬಂತು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳು. ಸರಳ ವೆಬ್ ಪುಟ. ಪದ ನಕಲು ಮಾಡಬಹುದು, ಕೊಂಡಿ ಕಳಿಸಬಹುದು. ಅದಕ್ಕಿಂತ ಮುಖ್ಯವಾಗಿ ಅದರ ಇಡೀ ದತ್ತಾಂಶ ಮುಕ್ತ ಪರವಾನಗಿಯಲ್ಲಿ ಲಭ್ಯ. ನಾಳೆ ಆ ಜಾಲತಾಣವೇ ಇಲ್ಲವಾದರೂ ನಿಘಂಟು ಉಳಿಯುತ್ತದೆ. ಕನ್ನಡಕ್ಕೆ ಬೇಕಾಗಿರುವ ತಂತ್ರಾಂಶದ ಬುದ್ಧಿ ಇದು.

ಹಾಗಾದರೆ ನನ್ನ ಪಟ್ಟಿ ಹೀಗೆ. ಮೊದಲು ದತ್ತಾಂಶವನ್ನು ಯುನಿಕೋಡ್ ಕನ್ನಡದಲ್ಲಿ, ಸರಳ ಕಡತಗಳಲ್ಲಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡಿ. ಅದರ ಮೇಲೆ ಎಚ್‌ಟಿಎಂಎಲ್ ಪುಟ. ನೆಟ್ ಇಲ್ಲದಾಗಲೂ ಬೇಕು ಅಂದರೆ ಸರ್ವಿಸ್ ವರ್ಕರ್. ಅಂಗಡಿಗೆ ಹೋಗಬೇಕು ಅಂದರೆ ಬಬಲ್‌ರ್ಯಾಪ್ ಅಥವಾ ಕೆಪಾಸಿಟರ್. ಇಷ್ಟರಲ್ಲಿ ಆಗದ ಕೆಲಸ ಇದೆ ಅಂತ ನಿಜವಾಗಿ ಗೊತ್ತಾದ ಮೇಲೆ ರಿಯಾಕ್ಟ್ ನೇಟಿವ್, ಕೋಟ್ಲಿನ್. ಫ್ಲಟರ್ ಬೇಕೇ ಬೇಕು ಅಂದರೆ ಫೋನಿಗೆ ಮಾತ್ರ ಬಳಸಿ, ಓದುವ ಕನ್ನಡವನ್ನು ಅದರ ವೆಬ್ ಕ್ಯಾನ್ವಾಸಿಗೆ ಹಚ್ಚಬೇಡಿ.

ಇನ್ನು ಸರ್ಕಾರಿ ಇಲಾಖೆಗಳು, ಅಕಾಡೆಮಿಗಳು ಆ್ಯಪ್ ಮಾಡಿಸಲು ಟೆಂಡರ್ ಕರೆಯುವಾಗ ಮೂರೇ ಷರತ್ತು ಹಾಕಲಿ. ಪುಟದ ಕನ್ನಡ ನಕಲು ಮಾಡಲು ಬರಬೇಕು. ಹುಡುಕಿದರೆ ಸಿಗಬೇಕು. ಕಣ್ಣು ಕಾಣದವರಿಗೆ ಓದಿ ಹೇಳಬೇಕು. ಯಾವ ಉಪಕರಣ ಬಳಸಿದರು ಅಂತ ಕೇಳುವುದೇ ಬೇಡ. ಈ ಮೂರು ಪರೀಕ್ಷೆ ಮಾಡಲು ಇಂಜಿನಿಯರ್ ಆಗಬೇಕಿಲ್ಲ, ಒಂದು ಫೋನು ಮತ್ತು ಐದು ನಿಮಿಷ ಸಾಕು. ನಿಮ್ಮ ಫೋನಿನಲ್ಲಿರುವ ಕನ್ನಡದ ಆ್ಯಪು, ಪುಟಗಳ ಮೇಲೂ ಇವತ್ತೇ ಮಾಡಿ ನೋಡಿ. ಎಷ್ಟು ಪಾಸಾದವು ಅಂತ ನನಗೂ ತಿಳಿಸಿ. ಫ್ಲಟರ್ ಅಭಿಮಾನಿಗಳು ಬೈಯುವುದಿದ್ದರೆ ಬೈಯಬಹುದು, ಆದರೆ ದಯವಿಟ್ಟು ಕನ್ನಡದಲ್ಲಿ, ಯುನಿಕೋಡಿನಲ್ಲಿ :-)